ಆಲ್ಡರ್‌ವೆಲ್‌ನಲ್ಲಿ ನೋಡತಕ್ಕ ಆರನೆಯ ಜಾಗ

ಎಲ್ಲಿಂದ ಶುರು ಮಾಡಲಿ? ಚರ್ಚಿನ ಗೋಪುರದಿಂದ ಶುರು ಮಾಡಿದರೆ ಇದು ಪ್ರವಾಸಿಗರ ಕರಪತ್ರವಾಗುತ್ತದೆ. ಬೆರಿಲ್ ಹ್ಯಾಡ್‌ಫೀಲ್ಡಳ ಗಂಟುಗಟ್ಟಿದ ಬೆರಳುಗಳಿಂದ ಶುರು ಮಾಡಿದರೆ ಕಥೆಯಾಗುತ್ತದೆ. ನನಗೆ ಒಪ್ಪಿಸಿದ್ದು ಕರಪತ್ರವನ್ನು. ನಾನು ಬರೆಯಲು ಕೂತದ್ದೂ ಅದನ್ನೇ. ಬೇಕಾದರೆ ಆಣೆ ಮಾಡುತ್ತೇನೆ.

(ಆಣೆ ಮಾಡುವ ನಿರೂಪಕಿಯನ್ನು ನಂಬಬಾರದೆಂದು ನಿಮಗೆ ಯಾರಾದರೂ ಕಲಿಸಿರುತ್ತಾರೆ. ನಂಬಬೇಡಿ. ಆದರೆ ಮುಂದಕ್ಕೆ ಓದಿ.)

ಸಂಗತಿ ಇಷ್ಟು. ಇಂಗ್ಲೆಂಡಿನ ಡಾರ್ಬಿಶರ್ ಗುಡ್ಡಗಳ ನಡುವಿನ ಈ ಊರಿನಲ್ಲಿದ್ದುಕೊಂಡು ಇಪ್ಪತ್ತೆರಡು ವರ್ಷದಿಂದ ಸಂಚಾರಿ ಗ್ರಂಥಾಲಯದ ವ್ಯಾನು ಓಡಿಸುತ್ತಿದ್ದೇನೆ. ಬಿಡುವಿನಲ್ಲಿ ಕನ್ನಡದಲ್ಲಿ ಕಥೆ ಬರೆಯುತ್ತೇನೆ. ಅವನ್ನು ಇಲ್ಲಿ ಒಬ್ಬರೂ ಓದಿಲ್ಲವಾದ್ದರಿಂದ ನಾನು ಬಹಳ ದೊಡ್ಡ ಲೇಖಕಿ ಎಂದು ಎಲ್ಲರೂ ನಂಬಿದ್ದಾರೆ. ಕಳೆದ ಮೇ ತಿಂಗಳಲ್ಲಿ ಊರಿನ ಪಂಚಾಯಿತಿಯವರು (ಅದರ ಹೆಸರು ಬೇರೆ, ಜಗಳಗಳು ಅವೇ) ಹಳೆಯ ಕರಪತ್ರವನ್ನು ಕೈಗಿತ್ತು ಹೊಸದಾಗಿ ಬರೆದುಕೊಡು ಎಂದರು. ಮೂರು ಮಡಿಕೆಯ ಕಾಗದ, ಆರು ಚೌಕ, ಚೌಕಕ್ಕೊಂದು ನೋಡತಕ್ಕ ಜಾಗ.

೧. ವಾಲಿದ ಗೋಪುರದ ಚರ್ಚು. ಎಷ್ಟು ವಾಲಿದೆ ಎಂಬ ಬಗ್ಗೆ ಊರಿನಲ್ಲಿ ಎರಡು ಪಕ್ಷಗಳಿವೆ.

೨. ಹೊಳೆಗೆ ಅಡ್ಡಲಾಗಿ ಹಾಕಿದ ದಾಟುಗಲ್ಲುಗಳು. ಹದಿನೇಳು. ಹನ್ನೊಂದನೆಯದು ಅಲ್ಲಾಡುತ್ತದೆ. ಅಲ್ಲಾಡುತ್ತದೆ ಎಂದು ಬರೆದರೆ ಜನ ಹೆಚ್ಚು ಬರುತ್ತಾರೆ.

೩. ನೀರಿನ ಗಿರಣಿ. ಇವತ್ತಿಗೂ ಗೋಧಿ ಬೀಸುತ್ತದೆ. ಬೀಸುವವರು ಸಿರಿಲ್ ಬ್ಯಾಗ್‌ಶಾ, ವಯಸ್ಸು ಎಂಬತ್ತೊಂದು.

೪. ಊರಬಾವಿ. ಪ್ರತಿ ಜುಲೈ ತಿಂಗಳಲ್ಲಿ ಅದಕ್ಕೆ ಹೂವಿನ ಅಲಂಕಾರ.

೫. ಬೆರಿಲ್‌ಳ ಟೀ ಅಂಗಡಿ. ಓಟ್‌ಕೇಕು ಸಿಗುತ್ತದೆ, ನಮ್ಮ ದೋಸೆಯ ದೂರದ ದಾಯಾದಿ.

೬.

ಆರನೆಯದು ಮೊದಲು ಕೆಂಪು ಟೆಲಿಫೋನ್ ಡಬ್ಬವಾಗಿತ್ತು. ಹುಲ್ಲಿನ ಲಾರಿ ಹಿಂದಕ್ಕೆ ಬರುವಾಗ ಗುದ್ದಿ ಅದು ಹೋಯಿತು. ಈಗ ಚೌಕ ಖಾಲಿ. ಖಾಲಿ ಚೌಕ ಕಂಡರೆ ಸುಮ್ಮನಿರಲಾರದ ಜಾತಿ ನನ್ನದು. ಕಥೆ ಶುರುವಾದದ್ದು ಹೀಗೆ.

•

ಮೊದಲ ಕರಡು: 'ಬೆರಿಲ್ ಹ್ಯಾಡ್‌ಫೀಲ್ಡ್ ಎಂಬ ಮುದುಕಿ ಬೆಳಗಿನ ಮಂಜಿನಲ್ಲಿ ಒಂಟಿಯಾಗಿ ನಿಂತಿದ್ದಳು.'

ಇದನ್ನು ಟೀ ಅಂಗಡಿಯ ಒಲೆಯ ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದೆ. ಬೆರಿಲ್ ಬಂದು, ಏನು ಬರೆದಿದ್ದೀಯ, ಇಂಗ್ಲಿಷಿನಲ್ಲಿ ಹೇಳು ಎಂದಳು. ಹೇಳಿದೆ.

"ಮುದುಕಿ ಯಾರು?"

"ಕಥೇಲಿ ಬರೋ ಮುದುಕಿ."

"ಎಪ್ಪತ್ನಾಲ್ಕಕ್ಕೆಲ್ಲ ಮುದುಕಿ ಆಗಲ್ಲ, ಮರಿ. ಒಂಟಿಯಾಗಿ ಅಂತ ಬೇರೆ ಹಾಕಿದ್ದೀಯ. ಬೆಳಿಗ್ಗೆ ಹೊತ್ತು ನನ್ ಹಿಂದೆ ಮೂರು ನಾಯಿ, ಒಬ್ಬ ಪೋಸ್ಟ್‌ಮ್ಯಾನ್ ಇರ್ತಾರೆ. ಹೊಡೆದು ಹಾಕು ಅದನ್ನ."

(ಈ ಸೀಮೆಯಲ್ಲಿ ಎಲ್ಲರೂ ಎಲ್ಲರನ್ನೂ ಪ್ರೀತಿಯಿಂದ ಬಾತುಕೋಳಿ ಎಂದು ಕರೆಯುತ್ತಾರೆ. ನಾನು 'ಮರಿ' ಎಂದು ಬರೆಯುತ್ತಿದ್ದೇನೆ. ಬಾತುಕೋಳಿ ಎಂದೇ ಬರೆದಿದ್ದರೆ ನೀವು ಇಷ್ಟು ಹೊತ್ತಿಗೆ ಎದ್ದು ಹೋಗಿರುತ್ತಿದ್ದಿರಿ. ಅಲ್ಲದೆ, ಕಥೆಯಲ್ಲಿ ಬೆರಿಲ್ ನನಗೆ 'ಅವಳು'. ಎದುರಿಗೆ ಯಾವತ್ತೂ 'ನೀವು'. ಲೇಖಕಿಯ ಧೈರ್ಯವೆಲ್ಲ ಕಾಗದದ ಮೇಲೆ.)

ಹೊಡೆದು ಹಾಕಿದೆ.

•

ಎರಡನೆಯ ಕರಡು. ಇದರಲ್ಲಿ ಬೆರಿಲ್ ಒಂಟಿಯಲ್ಲ, ಆದರೆ ಅವಸರದಲ್ಲಿದ್ದಾಳೆ.

ಜುಲೈ ತಿಂಗಳ ಎರಡನೆಯ ವಾರ. ಶನಿವಾರ ಮಧ್ಯಾಹ್ನ ಮೂರಕ್ಕೆ ಬಾವಿಗೆ ಆಶೀರ್ವಾದ. ಭಾನುವಾರ ಬೆಳಿಗ್ಗೆ ಸಿರಿಲ್ ಬ್ಯಾಗ್‌ಶಾ ಊರು ಬಿಡುತ್ತಾರೆ. ಗಿರಣಿಯ ಏಣಿಮೆಟ್ಟಿಲು ಅವರ ಮೊಣಕಾಲಿಗೆ ಇನ್ನು ಆಗದು. ಸ್ಕೆಗ್ನೆಸ್ ಕಡಲತೀರದಲ್ಲಿ ತಂಗಿಯ ಮನೆಯಿದೆ, ಅಲ್ಲಿ ಮೆಟ್ಟಿಲಿಲ್ಲ. ಹಾಗಾಗಿ ಬೆರಿಲ್‌ಗೆ ಉಳಿದಿರುವುದು ಐದು ದಿನ. ನಲವತ್ತೊಂದು ವರ್ಷ ಹೇಳದೆ ಇಟ್ಟುಕೊಂಡ ಒಂದು ಮಾತನ್ನು ಆ ಐದು ದಿನದೊಳಗೆ ಅವರಿಗೆ ಮುಟ್ಟಿಸಬೇಕು.

ಏನು ಮಾತು? ತಡೆಯಿರಿ, ಅದಕ್ಕೆ ಮೊದಲು ಥ್ಯಾಂಕ್ಸಿನ ವಿಚಾರ.

ಇಲ್ಲಿನವರು ದಿನಕ್ಕೆ ಎಷ್ಟು ಸಲ ಥ್ಯಾಂಕ್ಸ್ ಹೇಳುತ್ತಾರೆಂದು ಒಮ್ಮೆ ಬೆರಳು ಮಡಿಸುತ್ತ ಹೋಗಿದ್ದೆ. ಬಸ್ಸಿಳಿಯುವಾಗ ಡ್ರೈವರನಿಗೆ, ಬಾಗಿಲು ಹಿಡಿದವರಿಗೆ, ಬಾಗಿಲು ಹಿಡಿದದ್ದಕ್ಕೆ ಥ್ಯಾಂಕ್ಸ್ ಹೇಳಿದವರಿಗೆ. ಮಧ್ಯಾಹ್ನದ ಹೊತ್ತಿಗೆ ಎರಡು ಕೈಯ ಬೆರಳೂ ಸಾಲಲಿಲ್ಲ. ನಮ್ಮ ಗದಗಿನ ಮನೆಯಲ್ಲಿ ಅವ್ವ ಬಡಿಸಿದ ರೊಟ್ಟಿಗೆ ಥ್ಯಾಂಕ್ಸ್ ಅಂದಿದ್ದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಆದರೆ ನಿಜವಾಗಿ ದೊಡ್ಡ ಉಪಕಾರವಾದಾಗ ಅವರೂ ನಾವೂ ಒಂದೇ. ಥ್ಯಾಂಕ್ಸ್ ಬರುವುದಿಲ್ಲ. ಮೋಡ ಕವಿದಿದೆ ಅಲ್ಲವೇ ಎಂಬ ಮಾತು ಹೊರಡುತ್ತದೆ.

ಈಗ ಆ ಮಾತು. ಬೆರಿಲ್ ಅದನ್ನು ನನಗೆ ಹೇಳಿದ್ದು ಸೋಮವಾರ, ಜೇಡಿಮಣ್ಣು ತುಳಿಯುತ್ತ. ಬಾವಿಯ ಅಲಂಕಾರ ಎಂದರೆ ಹೀಗೆ: ಬಾಗಿಲಿನಷ್ಟು ದೊಡ್ಡ ಹಲಗೆಯನ್ನು ಕೆರೆಯಲ್ಲಿ ನೆನೆಹಾಕಿ, ಅದಕ್ಕೆ ಉಪ್ಪು ಬೆರೆಸಿದ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂದಳ ಒತ್ತಿ ಒಂದು ಚಿತ್ರ ಮಾಡಿ ಬಾವಿಯ ಹಿಂದೆ ನಿಲ್ಲಿಸುವುದು. ಏನು ಚಿತ್ರ ಎಂಬುದು ಶನಿವಾರದವರೆಗೆ ಗುಟ್ಟು. ಕೊಟ್ಟಿಗೆಯ ಬಾಗಿಲಿಗೆ ತಾಡಪಾಲು ಕಟ್ಟಿ ಕೆಲಸ ಮಾಡುತ್ತಾರೆ. ಮಣ್ಣು ತುಳಿಯುವುದು ಬರಿಗಾಲಲ್ಲಿ. ಪಕ್ಕ ಪಕ್ಕ ನಿಂತು ತುಳಿಯುವಾಗ ಮುಖ ನೋಡಬೇಕಾಗಿಲ್ಲ, ಕಾಲು ನೋಡಿಕೊಂಡು ಮಾತಾಡಬಹುದು.

"ಜೆಫ್ ತೀರಿಹೋದ ವರ್ಷ," ಎಂದಳು ಬೆರಿಲ್. ಜೆಫ್ ಅವಳ ಗಂಡ, ನ್ಯುಮೋನಿಯಾದಲ್ಲಿ ಹೋದವನು. "ಫೆಬ್ರವರಿ. ಬೆಳಿಗ್ಗೆ ಏಳೋಕೇ ಆಗ್ತಿರ್ಲಿಲ್ಲ ನನಗೆ. ಅಂಗಡಿ ಮುಚ್ಚಿಬಿಡೋಣ ಅಂತ ಬೀಗ ಹಾಕೋಕೇ ಹೋದೆ ಒಂದಿನ. ಒಳಗೆ ಹೋದ್ರೆ ಒಲೆ ಉರೀತಿತ್ತು."

"ನೀವೇ ಹಿಂದಿನ ದಿನ ಹೊತ್ತಿಸಿದ್ದಾ?"

"ನಾನು ಎರಡು ವಾರದಿಂದ ಆ ಕಡೆ ತಲೆ ಹಾಕಿರ್ಲಿಲ್ಲ. ಉರಿಯೋ ಒಲೆ ಇದ್ರೆ ಏನ್ ಮಾಡ್ತೀಯ? ಕೆಟಲ್ ಇಟ್ಟೆ. ಕೆಟಲ್ ಇಟ್ಟ ಮೇಲೆ ಪೋಸ್ಟ್‌ಮ್ಯಾನ್ ಬಂದ. ಅವನು ಬಂದ್ಮೇಲೆ ಓಟ್‌ಕೇಕ್ ಹುಯ್ಯಬೇಕಾಯ್ತು. ಮಾರನೇ ದಿನ ಹೋದ್ರೆ ಮತ್ತೆ ಉರೀತಿದೆ. ಮೂರು ಚಳಿಗಾಲ ಹಾಗೇ ನಡೀತು ಕಣೇ."

"ಯಾರು ಅಂತ ಗೊತ್ತಾಗ್ಲಿಲ್ವಾ?"

ಬೆರಿಲ್ ಕಾಲಿಗೆ ಸಿಕ್ಕ ಕಲ್ಲೊಂದನ್ನು ಹಿಮ್ಮಡಿಯಿಂದ ಆಚೆ ತಳ್ಳಿದಳು. "ಒಲೆ ಬಾಗಿಲಿನ ಚಿಲಕದ ಮೇಲೆ ಬೆಳ್ಳಗೆ ನಾಲ್ಕು ಬೆರಳಿನ ಗುರುತು ಇರ್ತಿತ್ತು. ಹಿಟ್ಟು. ಈ ಊರಲ್ಲಿ ಬೆಳಿಗ್ಗೆ ಆರಕ್ಕೆ ಕೈಗೆ ಹಿಟ್ಟು ಮೆತ್ಕೊಂಡಿರೋನು ಒಬ್ಬನೇ. ಗಿರಾಕಿಗಳು ಬರೋ ಮೊದ್ಲು ನಾನು ಅದನ್ನ ಒರೆಸಿಬಿಡ್ತಿದ್ದೆ. ದಿನಾ."

"ಒಂದು ಮಾತೂ ಹೇಳ್ಲಿಲ್ವಾ ಅವರಿಗೆ?"

"ಏನಂತ ಹೇಳೋದು? ಹೇಳಿದ್ರೆ ನಿಲ್ಲಿಸಿಬಿಟ್ರೆ? ಆಮೇಲೆ ನಾನೇ ಎದ್ದು ಹೊತ್ತಿಸೋ ಹಾಗಾದೆ, ಅವರು ಬರೋದು ನಿಂತೋಯ್ತು. ಹೇಳೋ ಕಾಲ ಮುಗಿದಿತ್ತು. ನನಗೆ ಗೊತ್ತಿತ್ತು ಅಂತ ಇವತ್ತಿಗೂ ಆ ಮನುಷ್ಯನಿಗೆ ಗೊತ್ತಿಲ್ಲ. ಗೊತ್ತಿಲ್ದೇನೇ ಸ್ಕೆಗ್ನೆಸ್‌ಗೆ ಹೋಗಿಬಿಡ್ತಾರೆ."

ಈ ವರ್ಷದ ಚಿತ್ರ ಅದೇ. ಕಪ್ಪು ಒಲೆ, ಒಳಗೆ ಕೆಂಪು ಬೆಂಕಿ, ಚಿಲಕದ ಮೇಲೆ ಒಂದು ಬಿಳಿ ಕೈ. ಪಾದ್ರಿ ಫಿಲಿಪಾ ಅವರಿಗೆ ಬೆರಿಲ್ 'ಬೆಳಕು' ಎಂದು ವಿಷಯ ಕೊಟ್ಟಿದ್ದಳು. ಊರಿಗೆಲ್ಲ ಅದು ಬೆಳಕು. ಒಬ್ಬರಿಗೆ ಮಾತ್ರ ಅದು ತಮ್ಮದೇ ಕೈ.

•

ಇಲ್ಲಿ ಸಿರಿಲ್ ಬ್ಯಾಗ್‌ಶಾ ಕಥೆಯ ಒಳಗೆ ನುಗ್ಗುತ್ತಾರೆ. (ನಿಜಕ್ಕೂ ನುಗ್ಗಿದ್ದು ನನ್ನ ವ್ಯಾನಿನೊಳಗೆ, ಮಂಗಳವಾರ, ಪುಸ್ತಕ ಹಿಂತಿರುಗಿಸಲು.)

"ನನ್ ಬಗ್ಗೆ ಏನೋ ಬರೀತಿದ್ದೀರಂತೆ."

"ಗಿರಣಿ ಬಗ್ಗೆ, ಮಿಸ್ಟರ್ ಬ್ಯಾಗ್‌ಶಾ. ಕರಪತ್ರಕ್ಕೆ."

"ಗಿರಣಿ ಬಗ್ಗೆ ಬರೀರಿ. ಚಕ್ರ ಹದಿನಾಲ್ಕು ಅಡಿ. ನನ್ನನ್ನ ಬಿಟ್ಟುಬಿಡಿ, ನಾನು ನೋಡತಕ್ಕ ಜಾಗ ಅಲ್ಲ."

"ನಿಮ್ಮ ಹೆಸರಾದ್ರೂ ಹಾಕ್ತೀನಿ."

"ಭಾನುವಾರದಿಂದ ನಾನಿಲ್ಲಿರೋನಲ್ಲ. ಇಲ್ಲದೋನ ಹೆಸರು ಯಾಕೆ ಹಾಕ್ತೀರಿ?" ಎಂದು ಕೌಬಾಯ್‌ಗಳ ಕುದುರೆ-ಪಿಸ್ತೂಲಿನ ಎರಡು ಕಾದಂಬರಿ ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ನಾಲ್ಕು ಬೆರಳಿನ ಬಿಳಿ ಗುರುತು. ಇಪ್ಪತ್ತೆರಡು ವರ್ಷ ನಾನೂ ಅದನ್ನು ಒರೆಸುತ್ತ ಬಂದಿದ್ದೇನೆ, ಗೊಣಗುತ್ತ.

ಅವತ್ತು ಒರೆಸಲಿಲ್ಲ.

•

ಈಗ ನನ್ನ ತಪ್ಪು. ಇದನ್ನು ಎರಡು ಕರಡುಗಳಲ್ಲಿ ಮುಚ್ಚಿಹಾಕಿದ್ದೆ, ಮೂರನೆಯದರಲ್ಲಿ ಬೆರಿಲ್ ಹೊರಗೆಳೆದಳು.

ಹದಿನಾಲ್ಕು ವರ್ಷದಿಂದ ನಾನು ಅಲಂಕಾರದ ಕಾಫಿಬೀಜ ವಿಭಾಗದಲ್ಲಿದ್ದೇನೆ. ಚಿತ್ರದ ಅಂಚಿಗೆ ಕರಿ ಗೆರೆ ಬೇಕಲ್ಲ, ಅದನ್ನು ಹುರಿದ ಕಾಫಿಬೀಜ ಸಾಲಾಗಿ ಚುಚ್ಚಿ ಮಾಡುತ್ತಾರೆ. ಕರ್ನಾಟಕದವಳು, ಕಾಫಿ ನಾಡಿನವಳು ಎಂದು ಮೊದಲ ವರ್ಷವೇ ಆ ಕೆಲಸ ವಹಿಸಿದರು. ನಾನು ಹುಟ್ಟಿದ್ದು ಗದಗಿನಲ್ಲಿ, ಬೆಳೆದದ್ದು ಚಹಾ ಕುಡಿದು. ಹೇಳಲು ಸಂಕೋಚವಾಗಿ ಸುಮ್ಮನಿದ್ದೆ.

ಈ ವರ್ಷ ಬೆರಿಲ್‌ಳ ಬೆರಳು ಮಡಚುವುದಿಲ್ಲ. ಸಂಧಿವಾತ. ಒಲೆಯ ಬಿಗಿಯಾದ ಚಿಲಕವನ್ನೂ ಈಗ ಅವಳು ಸೌಟಿನ ಹಿಡಿಯಿಂದ ತಳ್ಳಿ ತೆಗೆಯುತ್ತಾಳೆ. ಹೂದಳ ಒತ್ತುವುದಂತೂ ಸಾಧ್ಯವಿಲ್ಲ. ಗುರುವಾರ ಮಧ್ಯಾಹ್ನ ಬಿಳಿ ಹೈಡ್ರೇಂಜಿಯಾ ಹೂವಿನ ಬುಟ್ಟಿಯನ್ನು ನನ್ನ ಮುಂದಿಟ್ಟು, "ಕೈ ನೀನು ಮಾಡು" ಎಂದಳು.

"ನಾನಾ?"

"ಬೇರೆ ಯಾರಿಗೂ ಅದು ಯಾರ ಕೈ ಅಂತ ಗೊತ್ತಿಲ್ವಲ್ಲ. ಹೇಗೆ ಒತ್ತಬೇಕು ಅಂತ ಹೇಳಿಕೊಡ್ಲಾ?"

"ಬೇಡ," ಎಂದೆ. ಹುಟ್ಟಿದಾಗಿನಿಂದ ರಂಗೋಲಿ ಹಾಕಿದವಳಿಗೆ ಹೂವಿನ ಕೆಲಸ ಹೇಳಿಕೊಡಬೇಕೇ? ಬೆರಿಲ್ ಟೀ ಅಂಗಡಿಗೆ ಹೋದಳು. ನಾನು ಚಿಲಕದ ಮೇಲೆ ಚಾಚಿದ ಬೆರಳ ತುದಿಯಿಂದ ಶುರು ಮಾಡಿ ಮಣಿಕಟ್ಟಿನವರೆಗೆ ಇಳಿದೆ. ಮೂರು ಗಂಟೆ ಹಿಡಿಯಿತು. ಕೈ ಬಹಳ ಚೆನ್ನಾಗಿ ಬಂತು, ನಾನು ಹೇಳುತ್ತಿಲ್ಲ, ಪಾದ್ರಿ ಫಿಲಿಪಾ ಹೇಳಿದರು.

ಈ ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ: ದಳಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತಬೇಕು, ಮನೆಗೆ ಹೆಂಚು ಹೊದಿಸಿದ ಹಾಗೆ. ಮೇಲಿನ ದಳ ಕೆಳಗಿನದರ ಮೇಲೆ ಬರಬೇಕು. ಆಗ ಮಳೆಯ ನೀರು ಜಾರಿ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಒತ್ತಿದರೆ ಪ್ರತಿ ದಳವೂ ನೀರಿಗೆ ಬಾಯಿ ತೆರೆದುಕೊಂಡು ಕೂರುತ್ತದೆ. ಹದಿನಾಲ್ಕು ವರ್ಷ ಪಕ್ಕದಲ್ಲೇ ಕೂತು ಕಾಫಿಬೀಜ ಚುಚ್ಚಿದವಳು ಇದನ್ನು ಗಮನಿಸಿರಲಿಲ್ಲ. ರಂಗೋಲಿ ನೆಲದ ಮೇಲಿರುತ್ತದೆ, ಅದಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲ.

ಮೂರನೆಯ ಕರಡಿನಲ್ಲಿ ಹೀಗೆ ಬರೆದಿದ್ದೆ: 'ಶುಕ್ರವಾರ ಕತ್ತಲಾದ ಮೇಲೆ ಹಲಗೆ ನಿಲ್ಲಿಸಿದರು. ಆಕಾಶ ಶುಭ್ರವಾಗಿತ್ತು. ಶನಿವಾರವೂ ಶುಭ್ರವಾಗಿತ್ತು.'

"ಏನಂದೆ?" ಎಂದಳು ಬೆರಿಲ್.

"ಕಥೆ ತಾನೇ. ಮಳೆ ಬರದ ಹಾಗೆ ಮಾಡಬಹುದು."

"ಡಾರ್ಬಿಶರಲ್ಲಿ ಅಲಂಕಾರದ ವಾರ ಮಳೆ ಬರ್ಲಿಲ್ಲ ಅಂದ್ರೆ ನಿಮ್ಮೂರಿನವರು ನಂಬಬಹುದು, ನಮ್ಮೂರಲ್ಲಿ ಒಬ್ಬ ನಂಬಲ್ಲ. ಬಂತಾ ಇಲ್ವಾ?"

"ಬಂತು."

"ಹಾಗಾದ್ರೆ ಬರ್ಲಿ ಬಿಡು."

ಬಂತು. ಶನಿವಾರ ಬೆಳಗಿನ ಜಾವ ಎರಡು ಗಂಟೆ ಸುರಿದು ನಿಂತಿತು. ಎಂಟು ಗಂಟೆಗೆ ಹೋಗಿ ನೋಡಿದರೆ ಒಲೆ ಇತ್ತು, ಬೆಂಕಿ ಇತ್ತು, ಚಿಲಕ ಇತ್ತು. ಬೇರೆಯವರು ಒತ್ತಿದ ಒಂದು ದಳವೂ ಅಲ್ಲಾಡಿರಲಿಲ್ಲ. ಕೈ ಮಾತ್ರ ಇರಲಿಲ್ಲ. ಕಾಫಿಬೀಜದ ಗೆರೆ ಉಳಿದಿತ್ತು, ನಡುವೆ ಬೂದುಬಣ್ಣದ ಹಸಿ ಮಣ್ಣು. ಬಿಳಿ ದಳಗಳೆಲ್ಲ ಬಾವಿಯ ನೀರಿನಲ್ಲಿ ತೇಲುತ್ತಿದ್ದವು.

ನನಗೆ ಅಳು ಬಂತು. ಅತ್ತುಬಿಟ್ಟೆ. ಬೆರಿಲ್ ಬಂದು ಪಕ್ಕದಲ್ಲಿ ನಿಂತಳು. ಒಂದು ಬೆರಳಿನಿಂದ ಮಣ್ಣು ಮುಟ್ಟಿ ನೋಡಿದಳು. ಮತ್ತೆ ದಳ ಒತ್ತಲು ಹೋದರೆ ಇಡೀ ಹಲಗೆಯ ಮಣ್ಣೇ ಕುಸಿಯುವ ಹಾಗಿತ್ತು.

"ಮೇಲಿಂದ ಕೆಳಕ್ಕೆ ಒತ್ತಿದೆಯಾ?"

ತಲೆಯಾಡಿಸಿದೆ.

"ಹೇಳಿಕೊಡ್ಲಾ ಅಂದೆ ನಾನು."

"ಅಂದ್ರಿ."

ಅವಳು ಬೈಯಲಿಲ್ಲ. ಬೈದಿದ್ದರೆ ಈ ಕಥೆ ಬರೆಯುತ್ತಿರಲಿಲ್ಲವೋ ಏನೋ. ನನ್ನ ತೋಳು ಹಿಡಿದು ಟೀ ಅಂಗಡಿಗೆ ಕರೆದೊಯ್ದು ಒಲೆಯ ಪಕ್ಕ ಕೂರಿಸಿದಳು. ಇಪ್ಪತ್ತೆರಡು ವರ್ಷದ ಹಿಂದೆಯೂ ಹೀಗೆಯೇ ಕೂರಿಸಿದ್ದಳು. ಆಗ ನಾನು ಈ ಊರಿಗೆ ಬಂದು ಹನ್ನೆರಡು ದಿನ, ಯಾರ ಪರಿಚಯವೂ ಇಲ್ಲ, ಹನ್ನೊಂದನೆಯ ದಾಟುಗಲ್ಲಿನ ಮೇಲಿಂದ ಹೊಳೆಗೆ ಬಿದ್ದು ಬಂದಿದ್ದೆ. ಯಾರು, ಎಲ್ಲಿಯವಳು ಎಂದು ಒಂದೂ ಕೇಳದೆ ನನ್ನ ಕಾಲುಚೀಲ ಕಳಚಿ ಒಲೆಯ ಮುಂದಿನ ಕಂಬಿಗೆ ಒಣಹಾಕಿ, ಓಟ್‌ಕೇಕು ಹುಯ್ದುಕೊಟ್ಟಳು. ಆ ದಿನ ಆ ಒಲೆ ಇರದಿದ್ದರೆ ನಾನು ಮಾರನೆಯ ದಿನವೇ ಗದಗಿಗೆ ಹೋಗುವವಳಿದ್ದೆ. ಅದಕ್ಕೂ ಎಷ್ಟೋ ವರ್ಷ ಮೊದಲು ಸಿರಿಲ್ ಹೊತ್ತಿಸಿದ್ದರಿಂದ ಅದು ಉಳಿದಿತ್ತು ಎಂಬುದು ನನಗೆ ಮಣ್ಣು ತುಳಿದ ಆ ಸೋಮವಾರ ಗೊತ್ತಾಯಿತು. ಅವಳಿಗೆ ನಾನು ಥ್ಯಾಂಕ್ಸ್ ಹೇಳಿದ್ದೇನೆಯೇ? ಓಟ್‌ಕೇಕಿಗೆ ಹೇಳಿದ್ದೇನೆ.

•

ಮೂರು ಗಂಟೆ. ಬ್ಯಾಂಡಿನವರು ಬಾರಿಸಿದರು. ಪಾದ್ರಿ ಫಿಲಿಪಾ ನೀರು ಕೊಟ್ಟವನನ್ನು ನೆನೆದು ಪ್ರಾರ್ಥನೆ ಹೇಳಿದರು. ಜನ ಸಾಲಾಗಿ ಬಂದು ಚಿತ್ರ ನೋಡಿ, ಅಯ್ಯೋ ಮಳೆ ಕೆಡಿಸಿಬಿಟ್ಟಿತಲ್ಲ ಎಂದು ಮುಂದೆ ಹೋದರು. ಕೊನೆಗೆ ಸಿರಿಲ್ ಬಂದರು, ಚರ್ಚಿಗೆ ಹಾಕುವ ಕೋಟಿನಲ್ಲಿ. ಹಲಗೆಯ ಮುಂದೆ ನಿಂತರು. ಬೆರಿಲ್ ಆರು ಹೆಜ್ಜೆ ದೂರದಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು.

ಇಲ್ಲಿಂದ ಮುಂದೆ ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಒಂದು. ಸಿರಿಲ್ ಮುಂದೆ ಬಾಗಿ ಕಾಫಿಬೀಜದ ಗೆರೆಯೊಳಗೆ ತಮ್ಮ ಕೈಯನ್ನೇ ಇಟ್ಟರು. ಅಳತೆ ಸರಿಹೋಯಿತು.

(ಬೆರಿಲ್: "ಒದ್ದೆ ಹಲಗೆ ಮುಟ್ಟೋ ಅಷ್ಟು ತಿಳಿಗೇಡಿ ಅಲ್ಲ ಆ ಮನುಷ್ಯ. ಈ ಊರಲ್ಲಿ ಹುಟ್ಟಿದೋರು ಯಾರೂ ಹಾಗೆ ಮಾಡಲ್ಲ. ನೀನು ಮಾಡಬಹುದು.")

ಎರಡು. ಬೆರಿಲ್ ತಟ್ಟೆ ಕೆಳಗಿಟ್ಟು ಅವರ ಬಳಿಗೆ ಹೋಗಿ ಎಲ್ಲರೆದುರು ಹೇಳಿಬಿಟ್ಟಳು.

(ಇದನ್ನು ಸಿರಿಲ್‌ಗೆ ಫೋನಿನಲ್ಲಿ ಓದಿ ಹೇಳಿದೆ. ಸ್ಕೆಗ್ನೆಸ್ಸಿನ ಕಡಲಹಕ್ಕಿಗಳ ಗಲಾಟೆಯ ನಡುವೆ ಪೂರ್ತಿ ಕೇಳಿದರು. ಆಮೇಲೆ, "ಬೇಡ ತಾಯಿ, ಅದು ಬೇಡ" ಎಂದರು.)

ಮೂರು. ಸಿರಿಲ್ ಒಲೆಯನ್ನು ನೋಡಿದರು. ಚಿಲಕವನ್ನು ನೋಡಿದರು. ಕೈ ಇರಬೇಕಾಗಿದ್ದ ಖಾಲಿ ಜಾಗವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೋಟಿನ ಜೇಬಿನಿಂದ ತಮ್ಮ ಬಲಗೈ ತೆಗೆದು, ಅಂಗೈಯನ್ನೂ ಒಮ್ಮೆ ನೋಡಿಕೊಂಡು, ಮತ್ತೆ ಜೇಬಿಗೆ ಹಾಕಿದರು. ತಿರುಗಿ ಬೆರಿಲ್‌ಳ ಬಳಿಗೆ ಬಂದು ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡರು.

"ಒಲೆ ಹೊಗೆ ಸರಿಯಾಗಿ ಎಳೀತಿದೆಯಾ, ಮಿಸೆಸ್ ಹ್ಯಾಡ್‌ಫೀಲ್ಡ್?"

"ಎಳೀತಿದೆ, ಮಿಸ್ಟರ್ ಬ್ಯಾಗ್‌ಶಾ. ಇಷ್ಟು ವರ್ಷದಲ್ಲಿ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ."

"ಚಿಲಕ ಸ್ವಲ್ಪ ಬಿಗಿ ಇತ್ತು, ಆಗ."

"ಈಗ್ಲೂ ಬಿಗಿಯೇ."

"ಒಳ್ಳೇದಾಯ್ತು," ಎಂದರು ಸಿರಿಲ್. ಟೀ ಕುಡಿದು ಮುಗಿಸಿದರು. ಲೋಟ ತಟ್ಟೆಯಲ್ಲಿಟ್ಟು ಥ್ಯಾಂಕ್ಸ್ ಎಂದರು. ಬೆರಿಲ್ ಥ್ಯಾಂಕ್ಸ್ ಎಂದಳು. ಪಕ್ಕದಲ್ಲಿದ್ದವರಿಗೆ ಅದು ಟೀ ಲೋಟದ ಮಾತು.

ಮೂರರಲ್ಲಿ ಯಾವುದು ನಡೆದದ್ದು ಎಂದು ಕೇಳಬೇಡಿ. ಯಾವುದು ಎಂದು ನಿಮಗಾಗಲೇ ಗೊತ್ತು. ನಾನು ಮಾತ್ರ ಮೊದಲ ಎರಡನ್ನು ಇನ್ನೂ ಹರಿದಿಲ್ಲ, ಆಸೆ.

•

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ, ಏಕೆಂದರೆ ಸೋಮವಾರ ಬಂತು.

ನಿಮಗೆ ನೆನಪಿರಬಹುದು: ಬೆರಿಲ್‌ಳ ಬೆರಳಿಗೆ ಆ ಚಿಲಕ ಬಗ್ಗುವುದಿಲ್ಲ. ಟೀ ಅಂಗಡಿಯ ಹಿಂಬಾಗಿಲಿನ ಬೀಗದ ಕೈ ಎಲ್ಲಿರುತ್ತದೆಂದು ಊರಿಗೆಲ್ಲ ಗೊತ್ತು. ಬೆಳಿಗ್ಗೆ ಆರೂವರೆಗೆ ಎಚ್ಚರವಾಗುವ, ಒಂಬತ್ತರವರೆಗೆ ವ್ಯಾನು ತೆಗೆಯದ ಒಬ್ಬ ಹೆಂಗಸು ಈ ಊರಿನಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. (ಇದೊಂದು ಊಹೆ. ಕಥೆಯಲ್ಲಿ ಊಹೆಗೆ ಅವಕಾಶವಿದೆ.) ಅವಳು ಒಲೆ ಹೊತ್ತಿಸಿದಳು. ಹೊರಡುವ ಮೊದಲು, ಕಪಾಟಿನಲ್ಲಿದ್ದ ಹಿಟ್ಟಿನ ಡಬ್ಬಿಗೆ ನಾಲ್ಕು ಬೆರಳು ಹಾಕಿ, ಬೇಕೆಂದೇ, ಚಿಲಕ ಮುಟ್ಟಿದಳು. ಮುಟ್ಟಿದ್ದು ಎಷ್ಟು ಬಾಲಿಶ ಎಂದು ಅವಳಿಗೆ ಆಗಲೇ ಅನಿಸಿತು.

ಎಂಟು ಗಂಟೆಗೆ ನಾನು ಏನೂ ಗೊತ್ತಿಲ್ಲದವಳ ಹಾಗೆ ಹೋಗಿ ಒಲೆಯ ಪಕ್ಕದ ಮೇಜಿನಲ್ಲಿ ಕೂತೆ. ಅಂಗಡಿ ತುಂಬಿತ್ತು. ಚಿಲಕದ ಮೇಲೆ ನಾಲ್ಕು ಬಿಳಿ ಗುರುತು ಹಾಗೇ ಇದ್ದವು. ಬೆರಿಲ್ ಕೈಯಲ್ಲಿ ಬಟ್ಟೆ ಹಿಡಿದು ಅದರ ಮುಂದಿನಿಂದಲೇ ಮೂರು ಸಲ ಓಡಾಡಿದಳು. ಮೇಜು ಒರೆಸಿದಳು, ಕಿಟಕಿ ಒರೆಸಿದಳು.

ಆಮೇಲೆ ನನ್ನ ಎದುರಿಗೆ ಬಂದು ಕೂತಳು.

"ಕರಪತ್ರ ಮುಗೀತಾ?"

"ಆರನೇದು ಇನ್ನೂ ಖಾಲಿ."

"ಬರ್ಕೋ. ಹ್ಯಾಡ್‌ಫೀಲ್ಡ್ ಟೀ ಅಂಗಡಿಯ ಒಲೆ. ಎರಕದ ಕಬ್ಬಿಣ. ನೋಡಬಹುದು, ಮುಟ್ಟಬಾರದು, ಬಿಸಿ ಇರುತ್ತೆ."

ಬರೆದುಕೊಂಡೆ. "ನೋಡೋ ಸಮಯ?"

"ಬೆಳಿಗ್ಗೆ ಏಳರಿಂದ."

"ಯಾರು ಹೊತ್ತಿಸ್ತಾರೆ ಅಂತ ಹಾಕ್ಲಾ?"

ಬೆರಿಲ್ ಒಲೆಯ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ.

"ಅದನ್ನ ಬರೀಬೇಡ, ಮರಿ," ಎಂದಳು.

ಬರೆಯಲಿಲ್ಲ.